ಕನಸಿನಲ್ಲಿ ಆಯಿ ಮಾತಾಡಲಿಲ್ಲ. ಕೆಲಸ ಬಿಡು ಅಂದವರು ಯಾರು?

ಪ್ರಶ್ನೆ: ನನಗೆ 30 ವರ್ಷ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ 8 ವರ್ಷ 7 ತಿಂಗಳಾಯಿತು. ನಮ್ಮದು ಸಿಎಸ್‌ಐ (ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಕ್ರೈಸ್ತ) ಸಭೆ, ಮನೆ ನವನಗರದಲ್ಲಿ. ಅವ್ವ ಹುಟ್ಟಿ ಬೆಳೆದ ಹಳೇ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. ಆಯಿ, ಅಂದರೆ ಅವ್ವನ ಅವ್ವ, ತೀರಿಕೊಂಡು ಎರಡು ವರ್ಷ. ಈ ಮಳೆಗಾಲದಲ್ಲಿ ಒಂದೇ ಕನಸು ಮೂರು ಸಲ ಬಿತ್ತು. ಹಿನ್ನೀರಿನ ನಡುವೆ ಮೊಣಕಾಲುದ್ದ ನೀರಲ್ಲಿ ಆಯಿ ಕಂದೀಲು ಹಿಡಿದು ನಿಂತಿರುತ್ತಾಳೆ, ನಾನು ಯೂನಿಫಾರ್ಮಿನಲ್ಲೇ ಇರುತ್ತೇನೆ, ದೂರದಲ್ಲಿ ಗುಡಿಗಂಟೆ ಕೇಳುತ್ತದೆ. ಮೊದಲನೆಯದು ಆರು ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದಾಗ, ಎರಡನೆಯದು ಉಪವಾಸದ ದಿನ, ಮೂರನೆಯದು ಆಯಿಯ ವರ್ಷದ ಪ್ರಾರ್ಥನೆ ಆದ ಮಾರನೇ ದಿನ. ಇನ್ನೊಂದು ದಿನ ಎಚ್ಚರವಿದ್ದರೂ ಕೈಕಾಲು ಆಡಲಿಲ್ಲ, ಮೂಲೆಯಲ್ಲಿ ಕಪ್ಪು ಆಕಾರ ನಿಂತ ಹಾಗಾಯಿತು. ನಾನು ಹೋಗುವ ಶುಕ್ರವಾರದ ಪ್ರಾರ್ಥನಾ ಕೂಟದ ಅಕ್ಕ ಇದು ಕರ್ತನ ಕರೆ ಅಂದರು. ಕೆಲಸ ಬಿಟ್ಟು ಪೂರ್ಣಕಾಲಿಕ ಸೇವೆಗೆ ಬರಬೇಕು, ಪಿಎಫ್ ಹಣವನ್ನು ಪ್ರಥಮಫಲವಾಗಿ ತರಬೇಕು, ತಡಮಾಡಿದರೆ ದೇವರ ಮಾತು ಮೀರಿ ಓಡಿದ ಯೋನನ ಗತಿ ಅಂದರು. ಹತ್ತು ಜನರ ಮುಂದೆ ‘ಆಗಲಿ’ ಅಂದುಬಿಟ್ಟಿದ್ದೇನೆ. ನಮ್ಮ ಸಭೆಯ ಪಾದ್ರಿ ಅಯ್ಯನವರಿಗೆ ಹೇಳಿದರೆ ‘ಪ್ರಾರ್ಥನೆ ಮಾಡಮ್ಮ’ ಅಂದು ಸುಮ್ಮನಾದರು. ನನ್ನ ಸ್ವಂತ ಕನಸು ಬೇರೆಯೇ ಇದೆ: ಹಾಸಿಗೆ ಹಿಡಿದ ಮುದುಕರಿಗೆ ಮನೆಗೇ ಹೋಗಿ ಆರೈಕೆ ಮಾಡುವುದು. ಅದು ಸ್ವಾರ್ಥವೇ? ಕರೆಯನ್ನು ಮೀರಿದರೆ ಪಾಪವೇ? ಇದನ್ನೆಲ್ಲ ಅವ್ವನಿಗೆ ಹೇಳಬೇಕೋ ಬೇಡವೋ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದನಿಗಳು ಕಲೆತು ಹೋಗಿವೆ. ಮೊದಲು ಅವನ್ನು ಬಿಡಿಸೋಣ. ಕನಸಿನಲ್ಲಿ ಕಂಡದ್ದು ನೀರು, ಕಂದೀಲು, ಆಯಿ, ಯೂನಿಫಾರ್ಮು, ಗಂಟೆ. ಅಷ್ಟೇ. ಆಯಿ ಬಾಯಿ ಬಿಟ್ಟು ಏನಾದರೂ ಹೇಳಿದಳು ಎಂದು ನೀವು ಎಲ್ಲಿಯೂ ಬರೆದಿಲ್ಲ. ಕೆಲಸ ಬಿಡು, ಪಿಎಫ್ ತಾ, ತಡಮಾಡಬೇಡ ಎಂಬ ಮೂರೂ ಮಾತು ಬಂದದ್ದು ಶುಕ್ರವಾರದ ಕೂಟದಲ್ಲಿ. ಕನಸು ದೇವರದೋ ಅಲ್ಲವೋ ಎಂಬುದು ಒಂದು ಪ್ರಶ್ನೆ. ಕನಸಿಗೆ ಹೇಳಿದ ಅರ್ಥ ದೇವರದೋ ಅಲ್ಲವೋ ಎಂಬುದು ಬೇರೆಯದೇ ಪ್ರಶ್ನೆ. ನಿಮ್ಮ ನಿದ್ದೆಗೆಡಿಸಿರುವುದು ಎರಡನೆಯದು, ನೀವು ಹೆದರುತ್ತಿರುವುದು ಮಾತ್ರ ಮೊದಲನೆಯದಕ್ಕೆ.

ದೇಹದ ಕಡೆಯಿಂದ ಶುರು ಮಾಡುತ್ತೇನೆ, ನೀವು ನರ್ಸ್ ಆದ್ದರಿಂದ ಬೇಗ ಹಿಡಿಯುತ್ತೀರಿ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನ ಕೊನೆಗೆ ಬರುವ ರೆಮ್ ಹಂತದಲ್ಲಿ ಕಣ್ಣುಗುಡ್ಡೆ ಚುರುಕಾಗಿ ಆಡುತ್ತದೆ. ಬಣ್ಣ, ಆಕಾರ, ಕಥೆ ಇರುವ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ರಾತ್ರಿ ಮುಂದುವರಿದಂತೆ ಈ ಹಂತ ಉದ್ದವಾಗುತ್ತ ಹೋಗಿ ಬೆಳಗಿನ ಜಾವಕ್ಕೆ ಅತಿ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಮ್ಮ ಕಡೆಯ ನಂಬಿಕೆಯ ಬೇರು ಇಲ್ಲಿರಬಹುದು: ಆ ಹೊತ್ತಿನ ಕನಸು ದೊಡ್ಡದು, ಮೇಲಾಗಿ ಅದರ ನಡುವೆಯೇ ಎಚ್ಚರವಾಗುವುದರಿಂದ ನೆನಪಿನಲ್ಲಿ ಉಳಿಯುತ್ತದೆ. ನಡುರಾತ್ರಿಯದು ನೆನಪಾಗುವುದಿಲ್ಲ, ಹಾಗಾಗಿ ಅದು ಸುಳ್ಳಾದ ಲೆಕ್ಕ ಯಾರ ಹತ್ತಿರವೂ ಇಲ್ಲ.

ರಾತ್ರಿ ಪಾಳಿಯವರಿಗೆ ಇದು ಇನ್ನೂ ತೀವ್ರ. ದೇಹದ ಗಡಿಯಾರದ ಪ್ರಕಾರ ರೆಮ್‌ಗೆ ಒಲವು ಹೆಚ್ಚಿರುವುದೇ ಬೆಳಗಿನ ಹೊತ್ತು. ನೀವು ಡ್ಯೂಟಿ ಮುಗಿಸಿ ಮಲಗುವುದೂ ಆಗಲೇ. ಜೊತೆಗೆ ಆರು ದಿನ ಅರೆನಿದ್ದೆಯಲ್ಲಿ ರೆಮ್ ಕಡಿಮೆ ಬಿದ್ದಿದ್ದರೆ, ಸರಿಯಾಗಿ ಮಲಗಿದ ಮೊದಲ ದಿನ ಮಿದುಳು ಆ ಬಾಕಿಯನ್ನು ವಸೂಲಿ ಮಾಡುತ್ತದೆ. ನಿಮ್ಮ ಮೊದಲ ಕನಸು ಬಿದ್ದದ್ದು ಸರಿಯಾಗಿ ಆ ದಿನವೇ. ನೀವು ಬರೆದಿಲ್ಲವಾದರೂ ಕೇಳಬೇಕಾದ್ದು: ಮೈಗ್ರೇನಿಗೆ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಿದ್ದೀರಾ? ಖಿನ್ನತೆಯ ಮಾತ್ರೆ ಹೊಸದಾಗಿ ಶುರುವಾಗಿದೆಯೇ, ಅಥವಾ ಥಟ್ಟನೆ ನಿಂತಿದೆಯೇ? ಇವೂ ಕನಸನ್ನು ಗಾಢಗೊಳಿಸುತ್ತವೆ.

ಕಪ್ಪು ಆಕಾರದ ವಿಷಯದಲ್ಲಿ ಹೆದರಿಕೆ ಪೂರ್ತಿ ಬಿಡಿ. ರೆಮ್ ಹಂತದಲ್ಲಿ ನಾವು ಕನಸಿನಲ್ಲಿ ಓಡಿದರೆ ಮಂಚದಿಂದ ಬೀಳಬಾರದೆಂದು ಮಿದುಳೇ ಕೈಕಾಲುಗಳ ಸ್ನಾಯುಗಳನ್ನು ಸಡಿಲಗೊಳಿಸಿರುತ್ತದೆ. ಕೆಲವೊಮ್ಮೆ ಎಚ್ಚರ ಮೊದಲು ಬಂದು ಆ ಸಡಿಲಿಕೆ ಕೆಲವು ಸೆಕೆಂಡು ಅಥವಾ ಒಂದೆರಡು ನಿಮಿಷ ಹಾಗೇ ಉಳಿಯುತ್ತದೆ. ಕಣ್ಣು ತೆರೆದಿದ್ದರೂ ಕನಸಿನ ಚೂರು ಇನ್ನೂ ಓಡುತ್ತಿರುತ್ತದೆ. ಎದೆ ಮೇಲೆ ಯಾರೋ ಕೂತ ಹಾಗೆ, ಮೂಲೆಯಲ್ಲಿ ಯಾರೋ ನಿಂತ ಹಾಗೆ ಅನಿಸುತ್ತದೆ. ಇದಕ್ಕೆ ನಿದ್ರಾ ಸ್ತಂಭನ ಎನ್ನುತ್ತಾರೆ. ನಿದ್ದೆಗೆಟ್ಟವರಲ್ಲಿ, ಪಾಳಿ ಬದಲಾಗುವವರಲ್ಲಿ, ಅಂಗಾತ ಮಲಗುವವರಲ್ಲಿ ಹೆಚ್ಚು. ಮತ್ತೆ ಬಂದರೆ ಮೈಯೆಲ್ಲ ಕೊಸರಾಡಬೇಡಿ. ಒಂದು ಬೆರಳನ್ನೋ ನಾಲಿಗೆಯನ್ನೋ ಆಡಿಸಲು ನೋಡಿ, ಉಸಿರು ನಿಧಾನ ಮಾಡಿ, ಬಿಟ್ಟುಹೋಗುತ್ತದೆ. ಮಗ್ಗುಲಾಗಿ ಮಲಗಿ. ಮಲಗುವ ಆರು ತಾಸು ಮುಂಚೆಯೇ ಚಹಾ ನಿಲ್ಲಿಸಿ. ಹಗಲು ನಿದ್ದೆಯನ್ನು ತುಂಡು ಮಾಡದೆ, ಕಿಟಕಿಗೆ ದಪ್ಪ ಚಾದರ ಕಟ್ಟಿ, ಒಂದೇ ಪಟ್ಟು ಆರೇಳು ತಾಸು ಮಲಗಿ. ಇದಕ್ಕೆ ಬಿಡುಗಡೆ ಪ್ರಾರ್ಥನೆ ಬೇಕಿಲ್ಲ. ಪ್ರಾರ್ಥನೆ ಮಾಡಿದರೆ ತಪ್ಪೇನೂ ಇಲ್ಲ. ‘ನಿನ್ನಲ್ಲಿ ದುರಾತ್ಮ ಇದೆ’ ಎಂದು ನಂಬಿಸಿದರೆ ಮಾತ್ರ ಭಯದಿಂದ ನಿದ್ದೆ ಕೆಟ್ಟು, ಅದೇ ಅನುಭವ ಮತ್ತೆ ಮತ್ತೆ ಬರುತ್ತದೆ.

ಹಾಗಾದರೆ ಕನಸು ಬರೀ ಮಿದುಳಿನ ಆಟವೇ ಎಂದರೆ, ಹಾಗೆ ಹೇಳಿ ಕೈತೊಳೆದುಕೊಳ್ಳಲು ಸತ್ಯವೇದ ಓದುವವರಿಗೆ ಆಗುವುದಿಲ್ಲ. ನಮ್ಮ ಹಳೇ ಸಭೆಗಳಲ್ಲಿ ಕನಸಿನ ಮಾತೆತ್ತಿದರೆ ಮುಜುಗರ. ಬಾಸೆಲ್ ಮಿಷನ್ ಕಾಲದಿಂದ, ಅಂದರೆ ಗುಳೇದಗುಡ್ಡದಲ್ಲಿ 1851ರಿಂದ, ನಮ್ಮ ಕಡೆ ಓದು, ಪಾಠ, ಕೀರ್ತನೆ, ಶಿಸ್ತು ಇವಕ್ಕೆ ಇದ್ದ ಜಾಗ ಕನಸಿಗೆ ಇರಲಿಲ್ಲ. ಹಾಗಾಗಿ ಕನಸು ಬಿದ್ದವರು ಅದನ್ನು ಯಾರು ಕೇಳಿಸಿಕೊಳ್ಳುತ್ತಾರೋ ಅಲ್ಲಿಗೆ ಒಯ್ಯುತ್ತಾರೆ. ನಿಮ್ಮ ಅಯ್ಯನವರು ಹತ್ತು ನಿಮಿಷ ಕೂರಿಸಿ ‘ಏನು ಕಂಡೆ, ಹೇಳು’ ಅಂದಿದ್ದರೆ ನೀವು ನನಗೆ ಬರೆಯುತ್ತಲೇ ಇರಲಿಲ್ಲವೇನೋ. ಇದು ಅವರೊಬ್ಬರ ತಪ್ಪಲ್ಲ, ನಮ್ಮ ಸಭೆಗಳ ಹಳೇ ಕೊರತೆ.

ಈಗ ಕೂಟದ ಅಕ್ಕ ಎತ್ತಿರಬಹುದಾದ ವಾಕ್ಯಗಳನ್ನೇ ನೋಡೋಣ. ಕನಸು ಮರುಕಳಿಸಿದರೆ ಅದು ದೇವರ ನಿಶ್ಚಯ ಎಂಬ ಮಾತು ಆದಿಕಾಂಡ 41:32ರಲ್ಲಿ ಇದೆ, ನಿಜ. ಆದರೆ ಅದು ಫರೋಹನ ಎರಡು ಕನಸುಗಳ ಬಗ್ಗೆ ಯೋಸೇಫ ಹೇಳಿದ್ದು, ಎಲ್ಲ ಕನಸಿಗೂ ಹಾಕಿದ ಸೂತ್ರವಲ್ಲ. ಅದರ ಮುಂದಿನ ಎರಡು ವಾಕ್ಯ ಓದಿ: ವಿವೇಕಿಯಾದ ಒಬ್ಬನನ್ನು ನೇಮಿಸು, ಸುಭಿಕ್ಷದ ಏಳು ವರ್ಷ ಬೆಳೆಯ ಐದರಲ್ಲಿ ಒಂದು ಪಾಲನ್ನು ಕೂಡಿಡು. ಕನಸಿನ ಅರ್ಥ ಹೇಳಿದ ಬಾಯಿಂದಲೇ ಧಾನ್ಯದ ಲೆಕ್ಕ ಬಂತು. ಕೂಡಿಟ್ಟದ್ದನ್ನು ತಂದು ಸುರಿ ಅನ್ನಲಿಲ್ಲ, ಕೂಡಿಡು ಅಂದ. ಅದೇ ಯೋಸೇಫ ತಾನು ಕಂಡ ಸಿವುಡುಗಳ ಕನಸನ್ನು, ಅಣ್ಣಂದಿರ ಸಿವುಡುಗಳು ತನ್ನದಕ್ಕೆ ಬಗ್ಗಿದ ಕನಸನ್ನು, ನಿಜ ಮಾಡಲು ಏನೂ ಮಾಡಲಿಲ್ಲ ಎಂಬುದನ್ನೂ ಗಮನಿಸಿ. 17ರ ವಯಸ್ಸಿನಲ್ಲಿ ಅದನ್ನು ಅಣ್ಣಂದಿರ ಮುಂದೆ ಹೇಳಿ ಪೆಟ್ಟು ತಿಂದ. ಅವರು ಬಂದು ಬಗ್ಗಿದ್ದು ಇಪ್ಪತ್ತು ವರ್ಷ ದಾಟಿದ ಮೇಲೆ. ನಡುವೆ ಪೋಟೀಫರನ ಮನೆ ನೋಡಿಕೊಂಡ, ಸೆರೆಮನೆ ನೋಡಿಕೊಂಡ. ಎದುರಿಗಿದ್ದ ಕೆಲಸವನ್ನು ಕೈಬಿಡಲಿಲ್ಲ.

ಮೂರು ಸಲ ಎಂಬುದಕ್ಕೆ, ರಾತ್ರಿ ದೇವರು ಮತ್ತೆ ಮತ್ತೆ ಹೆಸರು ಹಿಡಿದು ಕರೆದ ಹುಡುಗ ಸಮುವೇಲನನ್ನು ಎಳೆದು ತರುತ್ತಾರೆ. ಅದು ಕನಸಲ್ಲ, ಹುಡುಗ ಎದ್ದು ಯಾಜಕ ಏಲಿಯ ಹತ್ತಿರ ಓಡಿದ. ಅಲ್ಲಿ ಹಿರಿಯನಾದ ಏಲಿ ‘ದೇವರು ಹೀಗೆ ಹೇಳುತ್ತಿದ್ದಾನೆ’ ಎಂದು ತಾನೇ ತುಂಬಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ ‘ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ’ ಅನ್ನು ಎಂದಷ್ಟೇ ಕಲಿಸಿದ. ಕೊನೆಗೆ ಬಂದ ಸಂದೇಶ ಏಲಿಯ ಮನೆತನದ ವಿರುದ್ಧವೇ ಇತ್ತು. ಕರೆಯನ್ನು ಗುರುತಿಸಲು ನೆರವಾದವನಿಗೆ ಅದರಿಂದ ಲಾಭವಾಗಲಿಲ್ಲ, ನಷ್ಟವಾಯಿತು. ಇದನ್ನು ಪಿಎಫ್ ಕೇಳಿದ ಮಾತಿನ ಪಕ್ಕದಲ್ಲಿಟ್ಟು ನೋಡಿ.

ಮತ್ತಾಯನ ಸುವಾರ್ತೆಯ ಮೊದಲೆರಡು ಅಧ್ಯಾಯದಲ್ಲಿ ಮರಿಯಳ ಗಂಡ ಯೋಸೇಫನಿಗೆ ನಾಲ್ಕು ಕನಸು, ಜ್ಯೋತಿಷ್ಯರಿಗೆ ಒಂದು. ಐದೂ ಚುಟುಕು, ಐದೂ ಸ್ಪಷ್ಟ: ಮರಿಯಳನ್ನು ಸೇರಿಸಿಕೋ, ಐಗುಪ್ತಕ್ಕೆ ಓಡು, ತಿರುಗಿ ಹೋಗು, ಆ ದಾರಿ ಬೇಡ. ಅರ್ಥ ಹೇಳಲು ಮೂರನೆಯವರು ಬೇಕಾಗಲಿಲ್ಲ. ಐದೂ ಒಂದು ತಾಯಿ ಮತ್ತು ಮಗುವಿನ ಜೀವ ಕಾಯಲು ಬಂದವು. ಇನ್ನು ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲ ರಾತ್ರಿ ಮಕೆದೋನ್ಯದವನನ್ನು ಕಂಡ. ಕಂಡವನು ಒಬ್ಬ, ಆದರೆ ಮುಂದಿನ ವಾಕ್ಯದಲ್ಲಿ ತೀರ್ಮಾನ ಮಾಡಿದವರು ‘ನಾವು’. ಜೊತೆಯವರೆಲ್ಲ ಕೂತು ಕೂಡಿ ಕಳೆದು ನೋಡಿದರು. ಮೂರು ಸಲ ಅದೇ ದರ್ಶನ ಕಂಡ ಪೇತ್ರನೂ ಕೃತ್ಯಗಳು 11ರಲ್ಲಿ ಯೆರೂಸಲೇಮಿನ ಸಭೆಯ ಮುಂದೆ ನಿಂತು, ತಕರಾರು ಎತ್ತಿದವರಿಗೆ ಮೊದಲಿಂದ ಕೊನೆಯವರೆಗೆ ಲೆಕ್ಕ ಒಪ್ಪಿಸಬೇಕಾಯಿತು.

ಯೋನನ ಬೆದರಿಕೆಯ ಬಗ್ಗೆ ಹೇಳುವುದು ಸ್ವಲ್ಪ. ಯೋನ ಹಡಗಿನಲ್ಲಿ ಗಾಢ ನಿದ್ದೆ ಮಾಡಿದ್ದು ನಿಜ. ಕನಸು ಬಿದ್ದ ಮಾತು ಅಲ್ಲಿಲ್ಲ. ಅವನಿಗೆ ಯಾವ ಊರಿಗೆ ಹೋಗಬೇಕು, ಯಾಕೆ ಹೋಗಬೇಕು ಎಂಬುದು ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಓಡಿದ. ನಿಮಗೆ ಗೊತ್ತೇ ಇಲ್ಲ, ತಿಳಿಯಬೇಕೆಂದು ಕೇಳುತ್ತಿದ್ದೀರಿ. ಅದು ಓಡುವುದಲ್ಲ.

ಎಲ್ಲಕ್ಕಿಂತ ನೇರವಾದ ಮಾತು ಯೆರೆಮೀಯ 23:28ರದು: ಕನಸು ಕಂಡವನು ಕನಸೆಂದೇ ಹೇಳಲಿ, ಹೊಟ್ಟಿಗೂ ಕಾಳಿಗೂ ಏನು ಸಂಬಂಧ? ಕಣದಲ್ಲಿ ಜೋಳದ ರಾಶಿ ತೂರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊರ ಎತ್ತಿ ಹಿಡಿಯಬೇಕು, ಗಾಳಿ ಬರುವವರೆಗೆ ಕಾಯಬೇಕು. ಗಾಳಿ ಇಲ್ಲದ ಹೊತ್ತಿನಲ್ಲಿ ತೂರಿದರೆ ಹೊಟ್ಟೂ ಕಾಳೂ ಒಟ್ಟಿಗೇ ಕಾಲ ಬುಡಕ್ಕೆ ಬೀಳುತ್ತವೆ.

ತೂರುವ ಬಗೆ ಹೀಗೆ. ಒಂದು ನೋಟುಬುಕ್ಕಿನಲ್ಲಿ ಎರಡು ತಿಂಗಳು ಕನಸುಗಳನ್ನು ಬರೆಯಿರಿ. ಎಡಪುಟದಲ್ಲಿ ಕಂಡದ್ದು, ಕೇಳಿದ್ದು ಮಾತ್ರ. ‘ಅಂದರೆ’, ‘ಬಹುಶಃ’ ಎಂಬ ಪದ ಬಂದರೆ ಅದು ಬಲಪುಟಕ್ಕೆ. ಮೇಲೆ ತಾರೀಕು, ಎದ್ದ ಸಮಯ, ಯಾವ ಪಾಳಿ, ಎಷ್ಟು ತಾಸು ನಿದ್ದೆ, ಊಟ ಮಾಡಿದ್ದಿರಾ ಇಲ್ಲವಾ, ಹಿಂದಿನ ದಿನ ಯಾರ ಮಾತು ತಲೆಯಲ್ಲಿತ್ತು ಎಂಬುದು ಇರಲಿ. ಎದ್ದ ಕೂಡಲೇ, ಫೋನ್ ಮುಟ್ಟುವ ಮೊದಲು ಬರೆಯಿರಿ; ಸ್ವಲ್ಪ ಹೊತ್ತಿನಲ್ಲೇ ಕನಸಿನ ಬಹುಪಾಲು ಹಾರಿಹೋಗುತ್ತದೆ, ಆಮೇಲೆ ಬರೆದದ್ದರಲ್ಲಿ ನಾವು ಸೇರಿಸಿದ್ದೇ ಹೆಚ್ಚು. ಬರೆಯುವ ಮುಂಚೆ ಯಾರಿಗೂ ಹೇಳಬೇಡಿ. ಮೊದಲು ಹೇಳಿದರೆ ಕೇಳಿದವರ ಮುಖ ನೋಡುತ್ತ ನೋಡುತ್ತ ಕನಸೇ ಬದಲಾಗುತ್ತದೆ.

ನೀವು ಕೊಟ್ಟ ವಿವರದಿಂದಲೇ ಕೆಲವು ತಂತು ಕಾಣುತ್ತವೆ. ಮಳೆಗಾಲದಲ್ಲಿ ಜಲಾಶಯ ತುಂಬಿ ಹಿನ್ನೀರು ಏರುತ್ತದೆ. ನವನಗರಕ್ಕೂ ಹಳೇ ಊರಿಗೂ ನಡುವೆ ಓಡಾಡುವವರ ಕಣ್ಣಿಗೆ ಅದು ದಿನಾ ಬೀಳುತ್ತದೆ. ಆ ನೀರಿನ ಅಡಿಯಲ್ಲಿ ನಿಮ್ಮ ಆಯಿಯ ಹೊಸ್ತಿಲಿದೆ. ವರ್ಷದ ಪ್ರಾರ್ಥನೆಯ ಮಾರನೇ ದಿನ ಮೂರನೆಯ ಕನಸು. ಸತ್ತವರು ಬಂದು ಕಾಣಿಸಿಕೊಳ್ಳುವ ಕನಸು ದುಃಖದಲ್ಲಿರುವವರಿಗೆ ಬಹಳ ಸಾಮಾನ್ಯ, ಹೆಚ್ಚಿನವರಿಗೆ ಅದು ಸಮಾಧಾನವನ್ನೇ ಕೊಡುತ್ತದೆ. ಇಷ್ಟೆಲ್ಲ ಇದ್ದ ಮಾತ್ರಕ್ಕೆ ದೇವರು ಅದರಲ್ಲಿ ಇಲ್ಲ ಎಂದು ನಾನು ಹೇಳುವುದಿಲ್ಲ. ಇದ್ದರೂ, ಅವನು ನಿಮ್ಮನ್ನು ಯೂನಿಫಾರ್ಮಿನಲ್ಲೇ ನಿಲ್ಲಿಸಿದ್ದಾನೆ ಎಂಬುದನ್ನು ಕೂಟದಲ್ಲಿ ಯಾರೂ ಗಮನಿಸಲಿಲ್ಲವೇ?

ಎರಡು ತಿಂಗಳಾದ ಮೇಲೆ ಮೂರು ಜನರ ಮುಂದೆ ನೋಟುಬುಕ್ಕು ಇಡಿ. ನಿಮ್ಮ ನಿರ್ಧಾರದಿಂದ ಆ ಮೂವರಲ್ಲಿ ಯಾರಿಗೂ ಹಣ, ಆಳು, ಹೆಸರು ಸಿಗುವಂತಿರಬಾರದು. ಅಯ್ಯನವರು ಒಬ್ಬರು, ಈ ಸಲ ‘ಪ್ರಾರ್ಥನೆ ಮಾಡಿ’ ಎನ್ನದೆ ‘ಒಂದು ತಾಸು ಸಮಯ ಕೊಡಿ’ ಎಂದು ದಿನ ಗೊತ್ತುಮಾಡಿ. ಸ್ತ್ರೀಸಂಘದ ಹಿರಿಯರೊಬ್ಬರು. ಮೂರನೆಯವರು ನಿಮ್ಮ ವಾರ್ಡಿನವರೇ ಆಗಲಿ, ಕ್ರೈಸ್ತರೇ ಆಗಬೇಕಿಲ್ಲ. ನಿಮ್ಮ ಕೈ ರೋಗಿಯ ಮೇಲೆ ಹೇಗೆ ಆಡುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರನ್ನು ಕೇಳಬೇಕಾದ್ದು ‘ಈ ಕನಸಿನ ಅರ್ಥವೇನು’ ಎಂದಲ್ಲ. ‘ನಾನು ಯಾವ ಕೆಲಸದಲ್ಲಿ ಇದ್ದಾಗ ಇತರರಿಗೆ ಒಳ್ಳೆಯದಾಗುತ್ತಿದೆ’ ಎಂದು.

ಇನ್ನು ದಾರಿಗಳು. ಕೂಟಕ್ಕೆ ಪೂರ್ಣಕಾಲಿಕವಾಗಿ ಸೇರುವುದು ಒಂದು. ಸೇರುವ ಮೊದಲು ಕಾಗದದಲ್ಲಿ ಕೇಳಿ: ಕೂಟ ನೋಂದಣಿಯಾಗಿದೆಯೇ, ಲೆಕ್ಕಪತ್ರ ಯಾರಿಗೆ ತೋರಿಸುತ್ತಾರೆ, ತಿಂಗಳಿಗೆ ಏನು ಕೊಡುತ್ತಾರೆ, ಕಾಯಿಲೆ ಬಿದ್ದರೆ ಯಾರ ಖರ್ಚು, ಬಿಡಬೇಕೆಂದರೆ ಹೇಗೆ. ‘ವಿಶ್ವಾಸದ ಮೇಲೆ’ ಎಂಬ ಉತ್ತರ ಬಂದರೆ ಆ ವಿಶ್ವಾಸದ ಭಾರ ಪೂರ್ತಿ ನಿಮ್ಮ ತಲೆ ಮೇಲೆ, ಆಮೇಲೆ ನಿಮ್ಮ ಅವ್ವನ ತಲೆ ಮೇಲೆ ಎಂದರ್ಥ. ಆ ಅಕ್ಕ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಮನಃಪೂರ್ವಕವಾಗಿ ನಂಬಿಯೇ ಹೇಳಿರಬಹುದು. ಮನಃಪೂರ್ವಕವಾಗಿ ಕೊಟ್ಟ ತಪ್ಪು ಡೋಸೂ ತಪ್ಪೇ.

ಪಿಎಫ್ ವಿಷಯದಲ್ಲಿ ನೇರ ಮಾತು: ಕೊಡಬೇಡಿ. ಧರ್ಮೋಪದೇಶಕಾಂಡ 26ರಲ್ಲಿ ಪ್ರಥಮಫಲ ಎಂದರೆ ಹೊಸ ಬೆಳೆಯ ಮೊದಲ ಬುಟ್ಟಿ. ವೃದ್ಧಾಪ್ಯಕ್ಕೆಂದು ಕೂಡಿಟ್ಟದ್ದಕ್ಕೆ ಆ ಹೆಸರು ಸಲ್ಲದು. ಆಸ್ತಿ ಮಾರಿ ಒಂದು ಪಾಲನ್ನು ಬಚ್ಚಿಟ್ಟ ಅನನೀಯನಿಗೆ ಪೇತ್ರ ಹೇಳಿದ್ದನ್ನೂ ನೋಡಿ, ಕೃತ್ಯಗಳು 5:4: ಮಾರುವ ಮುಂಚೆ ಆಸ್ತಿ ನಿನ್ನದೇ ಆಗಿತ್ತು, ಮಾರಿದ ಮೇಲೆ ಹಣವೂ ನಿನ್ನ ಅಧೀನದಲ್ಲೇ ಇತ್ತು. ಅವನ ತಪ್ಪು ಸುಳ್ಳು ಹೇಳಿದ್ದು, ಕೊಡದಿದ್ದದ್ದಲ್ಲ. ಲೆಕ್ಕಕ್ಕೆ ಬಂದರೆ, ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಯ ಹಕ್ಕು ಬರುವುದು 10 ವರ್ಷದ ಸೇವೆಗೆ. ನೀವು 8 ವರ್ಷ 7 ತಿಂಗಳಿನಲ್ಲಿದ್ದೀರಿ. ಎಂಥ ಹೊತ್ತಿನಲ್ಲಿ ಬಿಡುತ್ತಿದ್ದೀರಿ ನೋಡಿ. ಬಿಡಲೇಬೇಕಾಗಿ ಬಂದರೆ ಪಿಂಚಣಿ ಪಾಲಿನ ಹಣ ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಮುಂದೆ ಬೇರೆ ಕಡೆ ಸೇರಿದಾಗ ಈ ವರ್ಷಗಳು ಕೂಡುತ್ತವೆ. ಗ್ರಾಚ್ಯುಟಿ ಬೇರೆ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳು ಮೀರಿದ ತುಂಡು ಒಂದು ವರ್ಷವಾಗುತ್ತದೆ, ಹಾಗಾಗಿ ನಿಮ್ಮದು 9. ಮೂಲವೇತನ, ತುಟ್ಟಿಭತ್ಯೆ ಎರಡೂ ಸೇರಿ 18,000 ರೂಪಾಯಿ ಎಂದುಕೊಂಡರೆ ಸುಮಾರು 93,460 ರೂಪಾಯಿ. ಇದು ನಿಮ್ಮ ಹಕ್ಕು, ಬಿಟ್ಟುಬರಬೇಡಿ. ಆಸ್ಪತ್ರೆಯಲ್ಲಿ ಮೂಲ ಪ್ರಮಾಣಪತ್ರ ಇಟ್ಟುಕೊಂಡಿದ್ದರೆ ಅದನ್ನೂ ವಾಪಸು ಪಡೆಯಿರಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ನವೀಕರಣ ತಪ್ಪಿಸಬೇಡಿ.

ಎರಡನೆಯದು ಸಭಾಸೇವೆಗೆ ಸರಿಯಾದ ತರಬೇತಿ. ಸಿಎಸ್‌ಐನಲ್ಲಿ ಹೆಂಗಸರಿಗೂ ಪಾದ್ರಿಯಾಗುವ ದೀಕ್ಷೆ ಇದೆ. ಸಭಾಸಮಿತಿಯ ಶಿಫಾರಸು, ಧರ್ಮಪ್ರಾಂತ್ಯದ ಆಯ್ಕೆ, ಆಮೇಲೆ ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್ ಮಾನ್ಯತೆಯ ಬಿ.ಡಿ. ಪದವಿ. ನಮ್ಮವರು ಹೆಚ್ಚಾಗಿ ಹೋಗುವುದು ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿಗೆ ಅಥವಾ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿಗೆ. ದಾರಿ ಉದ್ದ, ಅದೇ ಅದರ ಒಳ್ಳೆಯತನ: ನಾಲ್ಕಾರು ಕಡೆ ನಾಲ್ಕಾರು ಜನ ನಿಮ್ಮನ್ನು ತೂಗುತ್ತಾರೆ. ಜನ ಮೋಸ ಹೋಗುವುದು ಒಂದು ವರ್ಷದ ‘ಬೈಬಲ್ ಕಾಲೇಜು’ ಸರ್ಟಿಫಿಕೇಟಿನಲ್ಲಿ. ಸೆನೆಟ್ ಮಾನ್ಯತೆ ಇಲ್ಲದ್ದು ದೀಕ್ಷೆಗೆ ಲೆಕ್ಕಕ್ಕೆ ಬರುವುದಿಲ್ಲ. ಓದುವ ಹಸಿವು ಮಾತ್ರ ಇದ್ದರೆ ಸೆರಾಂಪುರದಿಂದಲೇ ಅಂಚೆ ಮೂಲಕ ಕ್ರೈಸ್ತ ಅಧ್ಯಯನದ ಡಿಪ್ಲೊಮಾ ಮಾಡಬಹುದು, ಡ್ಯೂಟಿ ಬಿಡಬೇಕಿಲ್ಲ.

ಮೂರನೆಯದು ನೀವು ಸ್ವಾರ್ಥವೇ ಎಂದು ಹೆದರಿ ಕೇಳಿದ್ದು. ಕರೆ ಎಂಬ ಪದವನ್ನು ಮಠದ ಗೋಡೆಯಿಂದ ಬಿಡಿಸಿ ದುಡಿಯುವವರ ಕೈಗೆ ಕೊಟ್ಟವನು ಮಾರ್ಟಿನ್ ಲೂಥರ್. ಕೂಡಲಸಂಗಮದ ಸೀಮೆಯವರಾದ ನಮಗೆ ಅದು ಹೊಸದೂ ಅಲ್ಲ, ಕಾಯಕ ಎಂಬ ಮಾತು ಲೂಥರನಿಗಿಂತ ಮುಂಚೆಯೇ ಇಲ್ಲಿತ್ತು. ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿದು ಉಂಡ. ಅಥಣಿ, ಚಿಕ್ಕೋಡಿ ಕಡೆಯವರು ಇಂದಿಗೂ ‘ಮಿರಜಿಗೆ ಒಯ್ದರು’ ಅನ್ನುವ ಮಾತಿನ ಹಿಂದೆ 1894ರಲ್ಲಿ ವಾನ್ಲೆಸ್ ಎಂಬ ಮಿಷನ್ ವೈದ್ಯ ಶುರುಮಾಡಿದ ಆಸ್ಪತ್ರೆ ಇದೆ. ಅದನ್ನು ಸೇವೆ ಎಂದು ಒಪ್ಪಿದವರು ನಿಮ್ಮ ಬೆಡ್‌ಪ್ಯಾನನ್ನು ಅಲ್ಲ ಅನ್ನಲಾರರು.

ಆದರೆ ಈ ಕನಸನ್ನೂ ತೂರಬೇಕು, ಇದಕ್ಕೂ ರಿಯಾಯಿತಿ ಇಲ್ಲ. ಕೆಲಸ ಬಿಡದೆ ವಾರಕ್ಕೆ ಎರಡು ಸಂಜೆ, ನಡೆದು ಮುಟ್ಟುವಷ್ಟು ದೂರದ ನಾಲ್ಕೈದು ಮನೆಗಳಿಂದ ಶುರು ಮಾಡಿ. ಬಿಪಿ ಯಂತ್ರ, ಗ್ಲುಕೋಮೀಟರ್, ಥರ್ಮಾಮೀಟರ್, ಕೈಗವಸು, ಗಾಯದ ಸಾಮಾನು ಸಾಕು. ಹಾಸಿಗೆ ಹಿಡಿದವರ ಮನೆಯಲ್ಲಿ ಮುಖ್ಯ ಕೆಲಸ ನೀವು ಮಾಡುವುದಲ್ಲ, ಮನೆಯವರಿಗೆ ಕಲಿಸುವುದು: ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಕೊಡುವ ಬಗೆ, ಕ್ಯಾತಿಟರ್ ಚೀಲವನ್ನು ಸೊಂಟಕ್ಕಿಂತ ಕೆಳಗೆ ಇಡುವುದು, ಊಟ ಮಾಡಿಸುವಾಗ ತಲೆ ಎತ್ತಿ ಕೂರಿಸುವುದು. ಎಡವುವುದು ಎಲ್ಲಿ ಎಂದರೆ, ಎರಡನೇ ತಿಂಗಳಿಗೆ ಮನೆಯವರು ‘ನೀವೇ ಒಂದು ಗುಳಿಗೆ ಬರೆದುಕೊಡಿ’ ಅನ್ನುತ್ತಾರೆ. ಬರೆದುಕೊಡುವಂತಿಲ್ಲ. ಒಬ್ಬ ವೈದ್ಯರ ಲಿಖಿತ ಸೂಚನೆಯ ಕೆಳಗೆ ಕೆಲಸ ಮಾಡಿ, ಪ್ರತಿ ಭೇಟಿಯನ್ನೂ ಬರೆದಿಡಿ. ಬೋರ್ಡು ಹಾಕಿ ಸಂಸ್ಥೆಯಾಗಿ ನಡೆಸುವ ಹಂತ ಬಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕೇ ಎಂದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಉಪಶಮನ ಆರೈಕೆಗೆ ತಿರುವನಂತಪುರದ ಪಾಲಿಯಮ್ ಇಂಡಿಯಾದಲ್ಲಿ ನರ್ಸುಗಳಿಗೆ ಆರು ವಾರದ ತರಬೇತಿ ಇದೆ, ಕೂಡಿಟ್ಟ ರಜೆಯಲ್ಲಿ ಮುಗಿಸಬಹುದು. ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಎರಡು ವರ್ಷ ಕೇಳುತ್ತದೆ. ಪಾಠ ಹೇಳುವ ಆಸೆ ಇದ್ದರೆ ಮಾತ್ರ ಅದರ ಕಡೆ ನೋಡಿ.

ಇನ್ನೊಂದು ಗೆರೆ ಈಗಲೇ ಎಳೆದುಕೊಳ್ಳಿ. ಆ ಮನೆಗಳು ಎಲ್ಲ ಜಾತಿ, ಎಲ್ಲ ಧರ್ಮದವು. ಅವರಾಗಿ ಕೇಳದೆ ಪ್ರಾರ್ಥನೆ ಬೇಡ, ಆರೈಕೆಗೆ ಪ್ರಾರ್ಥನೆ ಬೆಲೆಯಾಗಬಾರದು. ಕೈಲಾಗದೆ ಮಲಗಿದವರು ‘ಬೇಡ’ ಅನ್ನಲಾರರು ಎಂಬುದು ನಿಮಗೆ ಗೊತ್ತಿರುವುದೇ.

ಹತ್ತು ಜನರ ಮುಂದೆ ಅಂದ ‘ಆಗಲಿ’ ಹರಕೆಯೇ? ಹೆದರಿಕೆಯಲ್ಲಿ, ಒತ್ತಾಯದಲ್ಲಿ ಬಾಯಿಂದ ಬಂದ ಒಪ್ಪಿಗೆಯನ್ನು ನಾನು ಹರಕೆ ಅನ್ನಲಾರೆ. ದುಡುಕಿ ಹರಕೆ ಹೊತ್ತು ಆಮೇಲೆ ಯೋಚಿಸುವುದು ಉರುಲು ಎಂದು ಜ್ಞಾನೋಕ್ತಿ 20:25 ಎಚ್ಚರಿಸುತ್ತದೆ. ಆ ಎಚ್ಚರಿಕೆ ಹರಕೆ ಹೊರುವವರಿಗೆ ಎಷ್ಟೋ ಹೊರುವಂತೆ ಮಾಡಿದವರಿಗೂ ಅಷ್ಟೇ. ಮುಂದಿನ ಶುಕ್ರವಾರ ವಾದಕ್ಕೆ ಇಳಿಯಬೇಡಿ. ‘ಅಕ್ಕ, ಆವತ್ತು ದುಡುಕಿ ಹೇಳಿದೆ. ನಮ್ಮ ಸಭೆಯ ಹಿರಿಯರೊಂದಿಗೆ ಪರೀಕ್ಷೆ ಮಾಡುತ್ತಿದ್ದೇನೆ, ಅಲ್ಲಿಯವರೆಗೆ ಕೆಲಸವನ್ನಾಗಲಿ ಹಣವನ್ನಾಗಲಿ ಮುಟ್ಟುವುದಿಲ್ಲ’ ಎಂದು ಹೇಳಿ ಕೂತುಬಿಡಿ. ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿಯಿರಿ ಎಂಬ 1 ಥೆಸಲೋನಿಕ 5:21 ಅವರ ಸತ್ಯವೇದದಲ್ಲೂ ಇದೆ. ಅದಕ್ಕೆ ಅವರು ಸಂತೋಷಪಟ್ಟರೆ ಒಳ್ಳೆಯ ಕೂಟ. ಸಿಟ್ಟಾದರೆ, ಶಾಪದ ಮಾತೆತ್ತಿದರೆ, ನಿಮಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು. ನೈಟ್ ಡ್ಯೂಟಿ ವಾರದಲ್ಲಿ ಉಪವಾಸವನ್ನೂ ನಿಲ್ಲಿಸಿ. ನೀವು ತಲೆಸುತ್ತಿ ಬೀಳುವುದು ಹಾಗಿರಲಿ, ಇನ್ಸುಲಿನ್ ಯೂನಿಟ್ ತಪ್ಪಿದರೆ ಅದರ ಫಲ ಉಣ್ಣುವವರು ಬೇರೆ.

ಒಂದು ಎಚ್ಚರಿಕೆ. ನಿದ್ದೆಯಲ್ಲಲ್ಲ, ಪೂರ್ತಿ ಎಚ್ಚರದಲ್ಲೇ ಅಪ್ಪಣೆ ಕೊಡುವ ದನಿ ಕೇಳಿಸಿದರೆ, ಎರಡು ಮೂರು ತಾಸು ಮಲಗಿಯೂ ದಿನಗಟ್ಟಲೆ ದಣಿವಾಗದೆ, ಮಾತು ಮತ್ತು ಖರ್ಚು ಎರಡೂ ಕೈಮೀರಿದರೆ, ಅಥವಾ ಬದುಕೇ ಬೇಡ ಅನಿಸಿದರೆ ಎರಡು ತಿಂಗಳು ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ದೂರವಿಲ್ಲ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ನನಗೆ ಕಾಣಲಿಲ್ಲ.

ಕೊನೆಗೆ ಅವ್ವನಿಗೆ ಹೇಳುವುದು. ಹೇಳಿ. ಆದರೆ ಕೆಲಸ, ಹಣ, ಕೂಟ ಎಲ್ಲವನ್ನೂ ಒಂದೇ ಸಲ ಸುರಿಯಬೇಡಿ; ಮೊದಲು ಬರೀ ಕನಸು ಹೇಳಿ, ನೋಟುಬುಕ್ಕಿನ ಎಡಪುಟದಷ್ಟು. ಆ ಮನೆ ಮುಳುಗಿದ್ದು ನಿಮಗೆ ಕೇಳಿದ ಸಂಗತಿ, ಅವರಿಗೆ ಹುಟ್ಟಿದ ಮನೆ. ಆಯಿ ನಿಮಗೆ ಅಜ್ಜಿ, ಅವರಿಗೆ ಅವ್ವ. ಆ ಕಂದೀಲು ಮನೆಯಲ್ಲಿ ನಿಜವಾಗಿ ಇತ್ತೇ, ಯಾವ ಗೂಟಕ್ಕೆ ತೂಗುತ್ತಿತ್ತು, ಆ ಗಂಟೆ ಯಾವ ಗುಡಿಯದು ಎಂದು ಕೇಳಿ ನೋಡಿ. ಆ ಕನಸು ಅವರಿಗೂ ಬಿದ್ದಿರಬಹುದು.